ಕಂಪನಿ ಸರಕಾರ ಜಪ್ತಿ ಮಾಡಿದ ಆಡು

ಸಗರ ಗ್ರಾಮದ ಅಂಬವ್ವನ ಹಾಲು ಕೊಡುವ ಆಡನ್ನು ಈಸ್ಟ್ ಇಂಡಿಯಾ ಕಂಪನಿಯು ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯಲ್ಲಿ ಜಪ್ತಿ ಮಾಡಿತು. ಅಷ್ಟೊತ್ತಿಗೆ ಕಂಪನಿ ಮುಳುಗಿ ಹತ್ತಿರ ಹತ್ತಿರ ನೂರು ವರ್ಷವಾಗಿತ್ತೆಂದು ಕೆಲವರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಜಪ್ತಿ ಕ್ರಮಬದ್ಧವಾಗಿಯೇ ನಡೆಯಿತು. ನಾನು ಅಲ್ಲೇ ನಿಂತು ಮಶೀನಿಗೆ ಎಣ್ಣೆ ಬಿಡುತ್ತಿದ್ದೆ.

ನಾನು ಮಲ್ಕಪ್ಪ, ಶಹಾಪುರದ ಇತಿಹಾಸ ಚಿತ್ರಬೋಧನಾ ಕಚೇರಿಯಲ್ಲಿ ಸಿನೇಮಾ ಮಶೀನು ನಡೆಸುವವ. ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಹುಟ್ಟಿದ ಕಚೇರಿ ಇದು. ಕಂಪನಿ ಆಳ್ವಿಕೆಯ ಮೊದಮೊದಲ ದಿನಗಳಲ್ಲಿ ಪ್ರಜೆಗಳು ಪಟ್ಟ ಕಡುಕಷ್ಟಗಳನ್ನು ಚಲನಚಿತ್ರದ ಮೂಲಕ ಹಳ್ಳಿಯವರಿಗೆ ಮನವರಿಕೆ ಮಾಡಿಕೊಡುವುದು ಇದರ ಉದ್ದೇಶ. ನಮ್ಮ ಹಳ್ಳಿಯವರಿಗೆ ಕಷ್ಟ ಎಂದರೇನೆಂದೇ ಗೊತ್ತಿಲ್ಲವೆಂದು ಬೆಂಗಳೂರಿನಲ್ಲಿ ಯಾರಿಗೋ ಚಿಂತೆ ಹತ್ತಿತ್ತು.

ಕಚೇರಿಯಲ್ಲಿ ನಾವು ಮೂವರು. ಬೋಧನಾಧಿಕಾರಿಗಳು ಮೈಸೂರು ಕಡೆಯವರು, ಬಹಳ ಮರ್ಯಾದಸ್ಥರು, ಬೈಯುವಾಗಲೂ 'ದಯವಿಟ್ಟು' ಎನ್ನುವವರು. ಅವರ ಹೆಸರು ಬೋರ್ಡಿನ ಮೇಲೆ ಬರೆಯುವ ಮೊದಲೇ ಬಣ್ಣ ತೀರಿದ್ದರಿಂದ ನಾವೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದೆವು. ಎರಡನೆಯವರು ಗುಮಾಸ್ತ ನಸೀರುದ್ದೀನಸಾಬರು. ನಿಜಾಮರ ಕಾಲದ ಉರ್ದು ದಫ್ತರದಲ್ಲಿ ತಲೆ ನೆರೆಸಿಕೊಂಡು, ಈಗ ಹುಕುಮಿನಂತೆ ಕನ್ನಡ ಬರೆಯುತ್ತಿದ್ದರು. ಮೂರನೆಯವ ನಾನು.

ಚಿತ್ರಕ್ಕೆ ಮೂರು ರೀಲು. ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಚಿತ್ರವೂ ಪಾಲಾಗಿ, ಮೊದಲೆರಡು ರೀಲು ನಮಗೆ ಬಂದವು. ಮೂರನೆಯದು ಪಕ್ಕದ ರಾಜ್ಯಕ್ಕೆ ಹೋಯಿತು. ಇನ್ನೊಂದು ರಾಜ್ಯಕ್ಕೆ ಅನ್ಯಾಯವಾಗಬಾರದೆಂದು ಖಾಲಿ ಡಬ್ಬಿಯನ್ನು ಕೊಟ್ಟರು.

ರೀಲಿನ ಜೊತೆ ಒಂದು ಸುತ್ತೋಲೆ ಬಂತು: 'ಸದರಿ ಚಿತ್ರವನ್ನು ಪ್ರತಿ ಗ್ರಾಮದಲ್ಲಿಯೂ ತಪ್ಪದೆ ಅಮಲಿಗೆ ತರತಕ್ಕದ್ದು.'

ಸಾಹೇಬರು ಅದನ್ನು ಎರಡು ಸಲ ಓದಿದರು. "ಅಮಲಿಗೆ ತರುವುದು ಅಂದರೆ ತೋರಿಸುವುದು ತಾನೆ, ನಸೀರುದ್ದೀನರೆ?"

"ಛೇ ಛೇ, ಇಲ್ರಿ ಸಾಹೇಬ್ರ," ಎಂದರು ನಸೀರುದ್ದೀನಸಾಬರು. "ದಫ್ತರದಾಗ ಜಲ್ಮಾ ಕಳದೇನ್ರಿ ನಾ. ಅಮಲ ಅಂದ್ರ ಮಾಡೋದು. ಹುಕುಮಿನ ಮ್ಯಾಲ ಅಮಲ ಮಾಡು ಅಂದ್ರ, ಹುಕುಮಿನಾಗ ಇದ್ದದ್ದು ಮಾಡು ಅಂತ. ಚಿತ್ರ ಅಮಲಿಗೆ ತರ್ರಿ ಅಂದ್ರ, ಚಿತ್ರದಾಗ ಇದ್ದದ್ದು ಮಾಡ್ರಿ ಅಂತ. ಬರೇ ತೋರ್ಸಿ ಬಂದ್ರ ಅದು ತಮಾಷಾ ಆಗ್ತದ, ಸರಕಾರಿ ಕೆಲಸ ಆಗಂಗಿಲ್ರಿ."

ಸಾಹೇಬರು ಬಹಳ ಹೊತ್ತು ವಿಚಾರ ಮಾಡಿದರು. "ತೋರಿಸುವುದಷ್ಟೇ ಆಗಿದ್ದರೆ 'ತೋರಿಸತಕ್ಕದ್ದು' ಎಂದು ಬರೆಯುತ್ತಿದ್ದರು."

"ಬರೀತಿದ್ರು ನೋಡ್ರಿ."

ಹೀಗೆ ವಿಷಯ ಇತ್ಯರ್ಥವಾಯಿತು. ಮೊದಲನೇ ರೀಲಿನಲ್ಲಿ ಕೆಂಪು ಕೋಟಿನ ಕಂಪನಿ ಸಾಹೇಬನೊಬ್ಬ ಇದ್ದಾನೆಂದು ನಾನು ಹೇಳಿದ್ದರಿಂದ, ಅವನ ವೇಷಕ್ಕೆ ಕೆಂಪು ಕೋಟು ಬೇಕಾಗಿತ್ತು. ಮದುವೆ ಬ್ಯಾಂಡಿನ ಉಸ್ಮಾನಸಾಬನನ್ನು ಕೇಳಿದೆವು. ಭುಜದ ಮೇಲೆ ಜರಿ ಗೊಂಡೆ ಇದ್ದ ಒಂದು ಕೋಟನ್ನು, ಲಗ್ನವಿದ್ದ ದಿನ ಕೇಳಬಾರದೆಂಬ ಕರಾರಿನ ಮೇಲೆ ಕೊಟ್ಟ.

ಸಗರದಲ್ಲಿ 'ಕಂಪನಿ ಬರುತ್ತದೆ' ಎಂದು ಡಂಗುರ ಹೊಡೆಸಿದೆವು. ನಮ್ಮ ಕಡೆ ಕಂಪನಿ ಎಂದರೆ ನಾಟಕ ಕಂಪನಿ. ಊರಿಗೆ ಊರೇ ಚಾಪೆ, ಕೌದಿ, ಬುತ್ತಿ ಕಟ್ಟಿಕೊಂಡು ಬಂದು ಕೂತಿತು. ಹಾರ್ಮೋನಿಯಂ ಯಾರು, ರಾಣಿ ಪಾರ್ಟು ಯಾರದು ಎಂದು ಕೇಳಿ ಕೇಳಿ ನನ್ನ ತಲೆ ತಿಂದರು. ಎಲ್ಲರಿಗಿಂತ ಮುಂದೆ ಅಂಬವ್ವ ಕೂತಿದ್ದಳು, ಮಗ್ಗುಲಲ್ಲಿ ಆಡು. ಮಗಳು ರೇಣಮ್ಮ ಬಾಣಂತಿ, ಅವಳ ಎದೆಯಲ್ಲಿ ಹಾಲಿಲ್ಲ. ಕೂಸು ಬದುಕಿದ್ದು ಆ ಆಡಿನ ಹಾಲಿನ ಮೇಲೆ. ಅದಕ್ಕೇ ಅಂಬವ್ವ ಅದನ್ನು ಮನೆಯಲ್ಲಿ ಒಂಟಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಮೊದಲನೇ ರೀಲಿನಲ್ಲಿ ಕಂದಾಯ ಕಟ್ಟದ ಒಬ್ಬ ಮುದುಕಿಯ ಮನೆಗೆ ಕಂಪನಿ ಸಾಹೇಬ ಬಂದು ಅವಳ ಆಡನ್ನು ಎಳೆದೊಯ್ಯುತ್ತಾನೆ. ಜನ ಬಾಯಿ ತೆರೆದು ನೋಡಿದರು. "ಆಡು ಭಾಳ ಛಲೋ ಅದ, ಯಾವ ಊರಿಂದದ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅಷ್ಟರಲ್ಲಿ ರೀಲು ಮುಗಿಯಿತು. ನಮ್ಮ ಸಾಹೇಬರು ಕೆಂಪು ಕೋಟು ತೊಟ್ಟು ಪರದೆಯ ಹಿಂದಿನಿಂದ ಬಂದರು. ಎಂದಿನದೋ ಲಗ್ನದ ಅಕ್ಷತೆ ಕಾಳು ಕೋಟಿನ ಕಿಸೆಯಿಂದ ಉದುರಿದವು.

"ತಾಯಿ, ನಿಮ್ಮ ಮೇಕೆಯನ್ನು ಕಂಪನಿ ಸರಕಾರದ ಪರವಾಗಿ ಜಪ್ತಿ ಮಾಡಲಾಗಿದೆ. ದಯವಿಟ್ಟು ಹಗ್ಗ ಬಿಡಿ."

ಜನ ಚಪ್ಪಾಳೆ ಹೊಡೆದರು. ಅಂಬವ್ವನೂ ನಕ್ಕಳು, ಹಗ್ಗವನ್ನೂ ಬಿಟ್ಟಳು. ಒಂದು ಸಲಕ್ಕೆ ಒಂದೇ ರೀಲಿನ ಪಾಠವೆಂದು ಅಲ್ಲಿಗೇ ಮುಗಿಸಿದೆವು. ಆಡು ನಮ್ಮ ವ್ಯಾನು ಹತ್ತಿ, ವ್ಯಾನು ಊರು ದಾಟಿದ ಮೇಲೆ ಅವಳ ನಗು ನಿಂತಿತಂತೆ.

ಮರುದಿನ ಹೊತ್ತೇರುವ ಮೊದಲೇ ಕಚೇರಿಗೆ ಬಂದಳು. "ನಾಟಕ ಮುಗೀತಲ್ರಿ ಸಾಹೇಬ್ರ? ನನ್ನ ಆಡು ಕೊಡ್ರಿ. ಕೂಸು ರಾತ್ರಿಯಿಂದ ಹಾಲಿಲ್ಲದ ಅಳಾಕತ್ತದ."

ಸಾಹೇಬರಿಗೆ ನಿಜವಾಗಿಯೂ ಮರುಕ ಬಂತು. ಕುರ್ಚಿ ಹಾಕಿಸಿ ಕೂರಿಸಿದರು. "ತಾಯಿ, ಕೊಡುವುದಕ್ಕೆ ನನಗೆ ಅಧಿಕಾರವಿಲ್ಲ. ಜಪ್ತಿ ಮಾಡಿದ್ದು ಕಂಪನಿ ಸರಕಾರ. ನೀವು ಕಂಪನಿ ಸರಕಾರಕ್ಕೇ ಅರ್ಜಿ ಕೊಡಬೇಕು."

"ಅದೆಲ್ಲದರಿ?"

"ಈಗ ಇಲ್ಲ. ಹೋಗಿದೆ."

"ಎಲಾ ಇವನ! ಇಲ್ಲದ ಕಂಪನಿಗಿ ಅರ್ಜಿ ಹ್ಯಾಂಗ ಕೊಡ್ಲಿ?"

"ನೋಡಿದಿರಾ?" ಎಂದು ಸಾಹೇಬರು ಪ್ರೀತಿಯಿಂದ ಹೇಳಿದರು. "ಇದೇ ಆ ಕಾಲದ ಕಡುಕಷ್ಟ. ಈಗ ತಿಳಿಯಿತಲ್ಲ?"

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ!" ಎಂದು ಅಂಬವ್ವ ಅಳಹತ್ತಿದಳು. ಸಾಹೇಬರು ಕೂಡಲೇ ಬೆಂಗಳೂರಿಗೆ ವರದಿ ಬರೆಸಿದರು: 'ಸಗರದಲ್ಲಿ ಪಾಠವು ಅತ್ಯಂತ ಪರಿಣಾಮಕಾರಿ. ಫಲಾನುಭವಿಯು ಕಣ್ಣೀರು ಹಾಕಿದ್ದು, ಅಧಿಕಾರಿಗೆ ಶಾಪವನ್ನೂ ಹಾಕಿರುತ್ತಾಳೆ.' ವಾರದೊಳಗೆ ಅಭಿನಂದನಾ ಪತ್ರ ಬಂತು.

ಆಡನ್ನು ಕಚೇರಿಯ ಹಿತ್ತಲಲ್ಲಿ ಕಟ್ಟಿದ್ದೆವು. ಹಾಲು ಹಿಂಡದಿದ್ದರೆ ಸರಕಾರಿ ಆಸ್ತಿಗೆ ಧಕ್ಕೆಯಾಗುತ್ತದೆಂದು ದಿನಾ ಹಿಂಡಿಸಿ, ಆ ಹಾಲಿನಲ್ಲಿ ಕಚೇರಿಯ ಚಹಾ ಮಾಡಿಸುತ್ತಿದ್ದರು. ನಸೀರುದ್ದೀನಸಾಬರು ಮಾತ್ರ ಕರಿ ಚಹಾ ಕುಡಿದರು. "ಕೂಸಿನ ಪಾಲಿಂದು ಗಂಟಲಾಗ ಇಳಿಯಂಗಿಲ್ಲೋ ಮಲ್ಕಪ್ಪ," ಎಂದರು. ಅಮಲಿನ ಅರ್ಥ ಹೇಳಿದ್ದು ತಾವೇ ಎಂದು ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಆದರೆ ಅರ್ಥ ಸರಿಯಾಗಿಯೇ ಇತ್ತಲ್ಲ, ಏನು ಮಾಡುವುದು?

ಅಂಬವ್ವ ದಿನಾ ಬರುತ್ತಿದ್ದಳು. ಮಂದಿಯ ಮನೆಯಲ್ಲಿ ಹಾಲು ಬೇಡಿ ಕೂಸಿಗೆ ಕುಡಿಸಿ, ಆಮೇಲೆ ಬಂದು ಹಿತ್ತಲ ಗೋಡೆ ಆಚೆ ನಿಂತು ಆಡನ್ನು ಮಾತಾಡಿಸಿ ಹೋಗುತ್ತಿದ್ದಳು. ಒಂದು ದಿನ ನನ್ನನ್ನು ಕರೆದಳು.

"ಏ ಮಲ್ಕಪ್ಪ, ಆ ಸಿನೇಮಾದಾಗಿನ ಮುದುಕಿ ಆಡು ಮುಂದ ಏನಾತೋ?"

"ಎರಡನೇ ರೀಲಿನಾಗ ವಾಪಸ್ ಬರ್ತದ, ಚಿಗವ್ವ."

"ಹ್ಯಾಂಗ?"

ಸಿಬ್ಬಂದಿಯು ಚಿತ್ರವನ್ನು ಮುಂಗಡವಾಗಿ ನೋಡಿ ಖುಷಿಪಡತಕ್ಕದ್ದಲ್ಲ ಎಂಬ ನಿಯಮವಿದ್ದುದರಿಂದ ಸಾಹೇಬರು ಎರಡನೇ ರೀಲನ್ನು ನೋಡಿರಲಿಲ್ಲ. ಮಶೀನು ನಡೆಸುವವ ಕಣ್ಣು ಮುಚ್ಚಿ ನಡೆಸಲು ಬರುವುದಿಲ್ಲವೆಂದು ನನಗೊಬ್ಬನಿಗೇ ವಿನಾಯಿತಿ. ನೋಡಿದ್ದನ್ನು ಹೇಳಿದೆ, ಸುತ್ತೋಲೆಯ ಅಮಲಿಗೆ ನಸೀರುದ್ದೀನಸಾಬರು ಹೇಳಿದ ಅರ್ಥವನ್ನೂ ಹೇಳಿದೆ. ಅಂಬವ್ವ ಸೆರಗಿನಿಂದ ಮಾರಿ ಒರೆಸಿಕೊಂಡು ನೆಟ್ಟಗೆ ಸಾಹೇಬರ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ನಮ್ಮೂರಿಗಿ ಅರ್ಧಾನ ಕಲಿಸೀರಿ. ಉಳಿದದ್ದೂ ಕಲಿಸ್ರಿ. ಇಲ್ಲೇ ಕಚೇರಿ ಮುಂದ ಪರದೆ ಕಟ್ರಿ, ನಾವ ಬರ್ತೀವಿ. ನಿಮಗ್ಯಾಕ ತ್ರಾಸು?"

ಸಾಹೇಬರ ಕಣ್ಣು ತುಂಬಿ ಬಂದವು. ನೌಕರಿಗೆ ಸೇರಿದಾಗಿನಿಂದ ಹಳ್ಳಿಯವರೇ ಬಂದು ಪಾಠ ಕೇಳಿದ್ದು ಅದೇ ಮೊದಲು.

ಸಗರದ ಮಂದಿ ಬಂಡಿ ಕಟ್ಟಿಕೊಂಡು ಬಂದರು. ಕತ್ತಲಾಗುತ್ತಲೇ ರೀಲು ಬಿಟ್ಟೆ. ಮುದುಕಿ ಊರನ್ನು ಕೂಡಿಸುತ್ತಾಳೆ. ಎಲ್ಲರೂ ಕಂಪನಿ ಕಚೇರಿಗೆ ನುಗ್ಗಿ ಸಾಹೇಬನನ್ನು ಹೊರಗೆ ಹಾಕುತ್ತಾರೆ. ಮುದುಕಿ ಆಡು ಬಿಡಿಸಿಕೊಂಡು ಸಾಹೇಬನ ಕುರ್ಚಿಯಲ್ಲಿ ಕೂರುತ್ತಾಳೆ. ಅಲ್ಲಿಗೆ ರೀಲು ಮುಗಿಯಿತು. ದೀಪ ಹಚ್ಚಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಎಲ್ಲರೂ ಅಂಬವ್ವನ ಕಡೆ ನೋಡುತ್ತಿದ್ದರು.

"ನಸೀರುದ್ದೀನಸಾಬ್ರ," ಎಂದಳು ಅಂಬವ್ವ, "ಇದೂ ಅಮಲಿಗೆ ತರೂದೇನ್ರಿ?"

ನಸೀರುದ್ದೀನಸಾಬರು ಎದ್ದು ನಿಂತರು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. "ತರಾಕ ಬೇಕವ್ವ. ಹುಕುಮ ಎಲ್ಲಾ ರೀಲಿಗೂ ಒಂದ."

ಸಾಹೇಬರು ಸುತ್ತೋಲೆ ತರಿಸಿ ನೋಡಿದರು. 'ಸದರಿ ಚಿತ್ರವನ್ನು' ಎಂದಿತ್ತೇ ಹೊರತು ಮೊದಲನೇ ರೀಲನ್ನು ಎಂದಿರಲಿಲ್ಲ. ಮರ್ಯಾದಸ್ಥರು, ಮಾತಿಗೆ ತಪ್ಪುವವರಲ್ಲ. ಕೆಂಪು ಕೋಟು ತೊಟ್ಟು ಬಾಗಿಲಲ್ಲಿ ನಿಂತರು.

"ಸಾಲಾಗಿ ನುಗ್ಗಿ, ದಯವಿಟ್ಟು. ವಯಸ್ಸಾದವರು ಮೊದಲು ನುಗ್ಗಲಿ. ಚಪ್ಪಲಿ ಹೊರಗೆ ಬಿಟ್ಟು ನುಗ್ಗಿ."

ಜನ ಚಪ್ಪಲಿ ಬಿಟ್ಟು ಸಾಲಾಗಿ ನುಗ್ಗಿದರು. ಇಬ್ಬರು ಸಾಹೇಬರ ಕೈ ಹಿಡಿದು ಮೆಟ್ಟಿಲು ಇಳಿಸಿ ಹೊರಗೆ ಹಾಕಿದರು. ಅಂಬವ್ವ ಹಿತ್ತಲಿಗೆ ಓಡಿ ಆಡಿನ ಕೊರಳಪ್ಪಿಕೊಂಡು ಅತ್ತಳು. ಆಮೇಲೆ ಅದನ್ನು ಎಳೆದುಕೊಂಡು ಬಂದು, ಕಣ್ಣೊರೆಸಿಕೊಂಡು, ಕುರ್ಚಿಯಲ್ಲಿ ಕೂತಳು. ರೇಣಮ್ಮ ಅಲ್ಲೇ ಮೇಜಿನ ಮೇಲೆ ಕೂಸಿಗೆ ಒಳಲೆಯಲ್ಲಿ ಹಾಲು ಹಾಕಿದಳು. ಅದು ಹೊಟ್ಟೆ ತುಂಬಾ ಕುಡಿದು ಸರಕಾರಿ ಮೇಜಿನ ಮೇಲೆಯೇ ಮಲಗಿತು. ನನ್ನ ಕಣ್ಣಲ್ಲೂ ನೀರು ಬಂತು, ಎಣ್ಣೆ ಕೈಯಿಂದ ಒರೆಸಿಕೊಂಡೆ.

ಮರುದಿನ ಸಾಹೇಬರು ಹತ್ತು ಗಂಟೆಗೆ ಸರಿಯಾಗಿ ಕಚೇರಿಗೆ ಬಂದರು. ಬಾಗಿಲಲ್ಲಿ ಅಂಬವ್ವ ಕಸ ಹೊಡೆಯುತ್ತಿದ್ದಳು.

"ತಾಯಿ, ಪಾಠ ಬಹಳ ಚೆನ್ನಾಗಿ ಆಯಿತು. ಇನ್ನು ಕುರ್ಚಿ ಬಿಟ್ಟುಕೊಡಿ."

"ಸಿನೇಮಾದಾಗ ಮುದುಕಿ ಬಿಟ್ಟು ಕೊಟ್ಟಾಳೇನ್ರಿ?"

ಸಾಹೇಬರು ನನ್ನ ಕಡೆ ನೋಡಿದರು. "ಇಲ್ರಿ," ಎಂದೆ. "ಮೂರನೇ ರೀಲಿನಾಗ ಏನದನೋ ಗೊತ್ತಿಲ್ರಿ."

ಮೂರನೇ ರೀಲಿಗಾಗಿ ಪಕ್ಕದ ರಾಜ್ಯಕ್ಕೆ ಬರೆಯಲಾಯಿತು. ಅದು ಬರುವತನಕ ಕಚೇರಿ ಪ್ರಜೆಗಳ ವಶದಲ್ಲಿ ಇರತಕ್ಕದ್ದೆಂದು ಸಾಹೇಬರೇ ಆದೇಶ ಹೊರಡಿಸಿ, ಹೊರಗೆ ಬೇವಿನ ಗಿಡದ ಕೆಳಗೆ ಒಂದು ಕಲ್ಲಿನ ಮೇಲೆ ಕೂತರು. ಒಳಗೆ ಫ್ಯಾನಿಗೆಂದು ಬಡಿದಿದ್ದ ಕೊಕ್ಕೆಗೆ ಫ್ಯಾನು ಬಂದಿರಲಿಲ್ಲ. ಅಂಬವ್ವ ಅದಕ್ಕೆ ಸೀರೆಯ ತೊಟ್ಟಿಲು ಕಟ್ಟಿದಳು. ಬೆಂಗಳೂರಿನಿಂದ ತನಿಖಾಧಿಕಾರಿ ಬಂದರು. ಆಡು, ತೊಟ್ಟಿಲು, ಬೇವಿನ ಗಿಡದ ಕೆಳಗಿನ ಸಾಹೇಬರು, ಎಲ್ಲವನ್ನೂ ಪರಿಶೀಲಿಸಿ 'ಜನರ ಸಹಭಾಗಿತ್ವ ಮೆಚ್ಚತಕ್ಕದ್ದು' ಎಂದು ಷರಾ ಬರೆದು ಹೋದರು.

ಮಳೆಗಾಲ ಮುಗಿಯುವಾಗ ಮೂರನೇ ರೀಲು ಯಾದಗಿರಿ ಸ್ಟೇಶನ್ನಿಗೆ ಪಾರ್ಸೆಲ್ ಬಂತು. ವಿನಾಯಿತಿ ಇದ್ದದ್ದು ನನಗೊಬ್ಬನಿಗೇ ಆದ್ದರಿಂದ ನಾನೇ ನೋಡಿ ಬಂದು ಹೇಳಿದೆ: ಕಂಪನಿ ಫೌಜು ಬಂದು, ತೋಪು ಹೊಡೆದು, ಕಚೇರಿಯನ್ನು ವಾಪಸ್ ತಗೊಳ್ಳುತ್ತದೆ. ಸಾಹೇಬರು ಕಲ್ಲಿನ ಮೇಲಿಂದ ಜಿಗಿದೆದ್ದರು. ಅಂಬವ್ವ ಹಾಲಿನ ಒಳಲೆ ಕೆಳಗಿಟ್ಟು ಆಡಿನ ಹಗ್ಗ ಹಿಡಿದಳು.

"ಖರೆ," ಎಂದರು ನಸೀರುದ್ದೀನಸಾಬರು, ಗಡ್ಡ ಸವರಿಕೊಳ್ಳುತ್ತ. "ಆದ್ರ ಅಮಲಿಗೆ ತರಬೇಕಂದ್ರ ತೋಪು ಬೇಕಲ್ರಿ, ಸಾಹೇಬ್ರ?"

ಬೇಕೇ ಬೇಕು. ಒಂದು ತೋಪು ಮಂಜೂರು ಮಾಡಬೇಕೆಂದು ಬೆಂಗಳೂರಿಗೆ ಬರೆದೆವು. ಬೇಡಿಕೆ ಪರಿಶೀಲನೆಯಲ್ಲಿದೆಯೆಂದು ಉತ್ತರ ಬಂತು. ಇವತ್ತಿಗೂ ಪರಿಶೀಲನೆಯಲ್ಲೇ ಇದೆ. ಈ ನಡುವೆ ಆಡು ಎರಡು ಮರಿ ಹಾಕಿದೆ, ಕೂಸು ಕಚೇರಿಯ ತುಂಬ ಅಂಬೆಗಾಲಿಡುತ್ತದೆ. ಕೂಸು ಕುಡಿದು ಉಳಿದ ಹಾಲಿನಲ್ಲಿ ಅಂಬವ್ವ ನಮಗೆಲ್ಲ ಚಹಾ ಮಾಡಿ ಕೊಡುತ್ತಾಳೆ, ನಸೀರುದ್ದೀನಸಾಬರೂ ಈಗ ಹಾಲಿನ ಚಹಾ ಕುಡಿಯುತ್ತಾರೆ.

ಮೊನ್ನೆ ಬಿಸಿಲು ಜೋರಿತ್ತು. ಸಾಹೇಬರು ಬೇವಿನ ನೆರಳಿನಿಂದ ಎದ್ದು ಕಿಟಕಿಯ ಹತ್ತಿರ ಬಂದರು.

"ತಾಯಿ, ಮಧ್ಯಾಹ್ನ ಒಂದು ಗಳಿಗೆ ಒಳಗೆ ಕೂರಬಹುದೆ?"

"ಅರ್ಜಿ ಕೊಡ್ರಿ, ಸಾಹೇಬ್ರ."

"ಯಾರಿಗೆ ಕೊಡಬೇಕು?"

"ಕುರ್ಚಿ ಕಂಪನಿ ಸಾಹೇಬಂದಲ್ರಿ? ಕಂಪನಿ ಸರಕಾರಕ್ಕ ಕೊಡ್ರಿ."

"ಅದು ಈಗ ಇಲ್ಲವಲ್ಲ ತಾಯಿ?"

"ನೋಡಿದ್ರಿಲ್ಲೋ?" ಎಂದಳು ಅಂಬವ್ವ, ಕಿಟಕಿಯಿಂದ ಅವರಿಗೆ ಚಹಾದ ಕಪ್ಪು ಕೊಡುತ್ತ. "ಈಗ ತಿಳೀತಲ್ರಿ?"

ತಿಳಿಯಿತೆಂದು ಸಾಹೇಬರು ಒಪ್ಪಿಕೊಂಡರು. ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಬೇವಿನ ಗಿಡದ ಕೆಳಗೆ ಕೂತು, ಕಂಪನಿ ಸರಕಾರಕ್ಕೆ ಅರ್ಜಿ ಬರೆಯತೊಡಗಿದರು.