ಆಯ್ತಪ್ಪನ ಗಾಡಿ ನಿಲ್ಲಲಿಲ್ಲ

ಆ ದಿನ ಬೆಳಿಗ್ಗೆ ಆಯ್ತಪ್ಪನ ಪಿಕಪ್ ಗಾಡಿಯ ಕೆಳಗೆ ಅಂಗೈ ಅಗಲದ ಒಂದು ಒದ್ದೆ ಕಲೆ ಕಾಣಿಸಿಕೊಂಡಿತು. ಅದನ್ನು ಬೇರೆ ಯಾರಾದರೂ ಮೊದಲು ನೋಡಿದ್ದರೆ ವಿಷಯ ಅಲ್ಲಿಗೇ ಸರಿಹೋಗುತ್ತಿತ್ತು. ನೋಡಿದವರು ಎದುರುಮನೆಯ ಮೇಷ್ಟ್ರು.

ಆಯ್ತಪ್ಪ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ "ಆಯ್ತಪ್ಪಾ" ಎಂದು ತಲೆಯಾಡಿಸುತ್ತಿದ್ದುದರಿಂದ ಬೀದಿಯವರೇ ಸೇರಿ ಇಟ್ಟದ್ದು. ಇಲ್ಲ ಎನ್ನುವ ಎರಡಕ್ಷರ ಅವನ ಬಾಯಿಂದ ಹೊರಟಿದ್ದನ್ನು ಕೇಳಿದವರಿಲ್ಲ. ಬೀದಿಯ ಬೀರು, ಮಂಚ, ಹಳೇ ಪೇಪರಿನ ಕಟ್ಟು, ಹೊಲಿಗೆ ಮೆಷಿನ್ನು, ಕಾಲುನೋವಿನ ಅಜ್ಜಿಯರು ಎಲ್ಲವೂ ಅವನ ಗಾಡಿಯಲ್ಲೇ ಓಡಾಡಿದ್ದು, ಅದೂ ಪುಕ್ಕಟೆಯಾಗಿ.

ಗಾಡಿಗೆ ಇಪ್ಪತ್ತೆರಡು ವರ್ಷ. ಒಂಬತ್ತು ವರ್ಷದಿಂದ ಅದು ಬಾಡಿಗೆಗೆ ಹೊರುತ್ತಿರುವುದು ಬರೀ ಉಪ್ಪು. ಆಯ್ತಪ್ಪ ಅದಕ್ಕೆ ವರ್ಷಕ್ಕೊಮ್ಮೆ ನೀಲಿ ಬಣ್ಣ ಬಳಿಸಿ, ಬಾಗಿಲಿಗೆ ಬೆಳ್ಳಿ ಗೆರೆ ಎಳೆಸಿ, ದಿನಾ ಬೆಳಿಗ್ಗೆ ಬಟ್ಟೆಯಿಂದ ಉಜ್ಜುತ್ತಿದ್ದ. ಆದರೆ ಬಗ್ಗಿ ಕೆಳಗೆ ನೋಡಿದವನಲ್ಲ. ಮೇಲೆ ಥಳುಕು, ಒಳಗೆ ಹುಳುಕು. ಹ್ಯಾಂಡ್ ಬ್ರೇಕ್ ಕೆಟ್ಟು ಮೂರು ವರ್ಷವಾಗಿತ್ತು. ಆ ಕೆಲಸವನ್ನು ಈಗ ಒಂದು ಕಪ್ಪು ಕಲ್ಲು ಮಾಡುತ್ತಿತ್ತು. ನಿಲ್ಲಿಸಿದಾಗ ಚಕ್ರದ ಕೆಳಗೆ, ಓಡುವಾಗ ಪಕ್ಕದ ಸೀಟಿನವರ ಕಾಲ ಬಳಿ ಅದರ ವಾಸ.

ಹೋದ ತಿಂಗಳು ಮೆಕ್ಯಾನಿಕ್ ಬಾಮೈದ ಗಾಡಿಯ ಕೆಳಗೆ ತೂರಿ, ಮುಖ ಕಿವುಚಿಕೊಂಡು ಹೊರಬಂದಿದ್ದ. "ಭಾವ, ಬ್ರೇಕ್ ಪೈಪೆಲ್ಲ ತುಕ್ಕು ಹಿಡಿದು ಕೂತಿದೆ. ಉಪ್ಪು ತಿಂದವನು ನೀರು ಕುಡೀಲೇಬೇಕಲ್ಲ, ನಿಮ್ಮ ಗಾಡಿ ಒಂಬತ್ತು ವರ್ಷ ತಿಂದಿದೆ. ಎರಡು ದಿನ ಗ್ಯಾರೇಜಲ್ಲಿ ಬಿಡಿ, ಬದಲಾಯಿಸಿಬಿಡ್ತೀನಿ."

"ಆಯ್ತಪ್ಪಾ" ಎಂದಿದ್ದ ಆಯ್ತಪ್ಪ. ಆದರೆ ಆ ವಾರ ಬಡಗಿಯ ಮಂಚ ಸಾಗಿಸುವುದಿತ್ತು, ಮುಂದಿನ ವಾರ ಮೇಷ್ಟ್ರ ಪುಸ್ತಕದ ಕಪಾಟು. ಗ್ಯಾರೇಜಿಗೆ ಹೋಗಲು ಗಾಡಿಗೆ ಬಿಡುವೇ ಸಿಗಲಿಲ್ಲ.

ಈಗ ಮೇಷ್ಟ್ರು ಆ ಕಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದರಿಂದ ಅವರಿಗೆ ಲೋಕದ ಎಲ್ಲ ವಿಷಯಗಳ ಮೇಲೂ ಅಧಿಕಾರವಿತ್ತು.

"ಏನಯ್ಯಾ ಇದು?"

"ಉಪ್ಪು ಬೆವರಿರಬೇಕು ಮೇಷ್ಟ್ರೇ. ನಿನ್ನೆ ಸಂಜೇನೇ ಮೂಟೆ ತುಂಬಿಸಿಟ್ಟಿದ್ದೆ."

ಮೇಷ್ಟ್ರು ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡಿದರು. "ಸ್ವಲ್ಪ ಜಿಡ್ಡಿದೆ. ಆದ್ರೆ ಉಪ್ಪುನೀರಿಗೆ ಜಿಡ್ಡು ಇರೋದೇ. ಅನುಮಾನ ಇದ್ರೆ ನಾಲಿಗೆಗೆ ಹಚ್ಚಿ ನೋಡು."

"ನೀವೇ ನೋಡಿ ಮೇಷ್ಟ್ರೇ, ತಿಳಿದವರು."

"ನನಗೆ ಬಿ.ಪಿ. ಕಣಯ್ಯ. ಉಪ್ಪು ಮುಟ್ಟಬಾರದು ಅಂದಿದ್ದಾರೆ ಡಾಕ್ಟರು."

ಹೀಗೆ ಆ ಕಲೆ ಉಪ್ಪುನೀರೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಆಯ್ತಪ್ಪನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ರೀ, ಇವತ್ತು ಏನು ಅಂತ ನೆನಪಿದೆ ತಾನೇ? ಐಸ್ ಫ್ಯಾಕ್ಟರಿ ಮ್ಯಾನೇಜರ್ರು ಎರಡು ಸಲ ಲೇಟಾಗಿದ್ದನ್ನ ಹೊಟ್ಟೆಗೆ ಹಾಕ್ಕೊಂಡಿದ್ದಾರೆ. ಇವತ್ತೂ ಹತ್ತು ಗಂಟೆ ದಾಟಿದ್ರೆ ವರ್ಷದ ಕೆಲಸ ಬೇರೆಯವರ ಪಾಲು. ದಾರೀಲಿ ಯಾರಿಗೂ ಗಾಡಿ ನಿಲ್ಲಿಸಬೇಡಿ. ಸಾಕ್ಷಾತ್ ನಮ್ಮಪ್ಪ ಕೈ ಅಡ್ಡ ಹಾಕಿದ್ರೂ ನಿಲ್ಲಿಸಬೇಡಿ."

"ಆಯ್ತಪ್ಪಾ."

"ಅಪ್ಪ ಅಲ್ಲ, ಹೆಂಡತಿ. ಸರಿಯಾಗಿ ಹೇಳಿ."

"ಆಯ್ತು ಕಣೇ."

ಮೇಷ್ಟ್ರು ಆಗಲೇ ಪಕ್ಕದ ಸೀಟಿನಲ್ಲಿ ಕೂತು ಕಲ್ಲನ್ನು ಕಾಲಿನಿಂದ ಸರಿಸುತ್ತಿದ್ದರು. "ನನ್ನನ್ನ ಲೈಬ್ರರಿ ಹತ್ರ ಇಳಿಸಿಬಿಡು. ದಾರೀಲೇ ಇದೆಯಲ್ಲ, ಅದು ನಿಲ್ಲಿಸಿದ ಲೆಕ್ಕಕ್ಕೆ ಬರಲ್ಲ."

ಬೀದಿಯ ತುದಿಯಲ್ಲಿ ಟೈಲರಕ್ಕ ನಿಂತಿದ್ದಳು, ಪಕ್ಕದಲ್ಲಿ ಸ್ಟೂಲಿನ ಮೇಲೆ ಹೊಲಿಗೆ ಮೆಷಿನ್ನು. ಅದನ್ನು ರಿಪೇರಿಗೆ ಬಿಡುತ್ತೇನೆಂದು ಆಯ್ತಪ್ಪ ನಿನ್ನೆ ಒಪ್ಪಿಕೊಂಡಿದ್ದ. ಹೆಂಡತಿಯ ಮಾತು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಆದರೆ ಒಂಬತ್ತು ವರ್ಷದ ಅಭ್ಯಾಸ ಕಾಲಿಗೆ ಅಂಟಿಕೊಂಡಿತ್ತು. ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಗಿ ಬಲವಾಗಿ ಒತ್ತಿತು.

ಕೆಳಗೆಲ್ಲೋ 'ಪಟ್' ಎಂದು ಸದ್ದಾಯಿತು. ಕಾಲು ಕಲಸಿದ ಹಿಟ್ಟಿನಲ್ಲಿ ಇಳಿದಂತೆ ತಳದವರೆಗೂ ಹೋಯಿತು. ಗಾಡಿ ಮಾತ್ರ ನಿಲ್ಲಲಿಲ್ಲ.

"ಏಯ್ ಆಯ್ತಪ್ಪಾ! ನಿಲ್ಸೋ! ಕಣ್ಣು ಕಾಣಲ್ವೇನೋ ನಿಂಗೆ?" ಟೈಲರಕ್ಕ ಅಳತೆಯ ಟೇಪನ್ನು ಬೀಸುತ್ತ ನಾಲ್ಕು ಹೆಜ್ಜೆ ಓಡಿಬಂದು ನಿಂತಳು.

"ಭೇಷ್!" ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಕೊನೆಗೂ ನಿನಗೆ ಎದೆಗಾರಿಕೆ ಬಂತಲ್ಲಯ್ಯಾ!"

ಆಯ್ತಪ್ಪನಿಗೆ ಬಂದದ್ದು ಎದೆಗಾರಿಕೆಯಲ್ಲ, ಎದೆನಡುಕ. ಗೇರನ್ನು ಮೂರರಿಂದ ಎರಡಕ್ಕೆ ಇಳಿಸಿದ. ಗಾಡಿ ಗೊರ್ ಎಂದು ಮುನಿಸಿಕೊಂಡು ನಿಧಾನವಾಯಿತು, ಅಷ್ಟೇ. ತಿರುವಿನಲ್ಲಿ ಬಡಗಿ ಹೊಸ ಬಾಗಿಲೊಂದನ್ನು ನಿಲ್ಲಿಸಿಕೊಂಡು ಕೈ ಎತ್ತಿದ್ದ. ಗಾಡಿ ಇವತ್ತು ತನ್ನ ಕೈಗೆ ಬೆಲೆ ಕೊಡುವುದಿಲ್ಲವೆಂದು ಅವನಿಗೆ ಕೊನೇ ಗಳಿಗೆಯಲ್ಲಿ ತಿಳಿಯಿತು. ಬಾಗಿಲನ್ನು ಗುರಾಣಿಯಂತೆ ಹಿಡಿದು ಚರಂಡಿಯ ಆಚೆಗೆ ಹಾರಿದ. ಅಲ್ಲಿಂದ ಅವನು ಬೈದ ಬೈಗುಳ ಲೈಬ್ರರಿಯವರೆಗೂ ಕೇಳಿಸಿತು.

"ಇಲ್ಲೇ ನಿಲ್ಲಿಸಪ್ಪ" ಎಂದರು ಮೇಷ್ಟ್ರು.

"ನಿಲ್ಲಲ್ಲ ಮೇಷ್ಟ್ರೇ."

"ಅವರಿಗೆ ಸರಿ ಕಣಯ್ಯ. ನನಗೂನಾ?"

"ಬ್ರೇಕ್ ಇಲ್ಲ ಮೇಷ್ಟ್ರೇ!"

"ಯಾವಾಗಿಂದ?"

"ಟೈಲರಕ್ಕನಿಂದ."

ಲೈಬ್ರರಿ ಹಿಂದಕ್ಕೆ ಹೋಯಿತು. ಮೇಷ್ಟ್ರು ಕತ್ತು ತಿರುಗಿಸಿ ಅದನ್ನೇ ನೋಡಿದರು. "ಹಾಗಾದ್ರೆ ಆ ಕಲೆ..."

"ಉಪ್ಪುನೀರು ಅಂದವರು ನೀವೇ."

ಮೇಷ್ಟ್ರು ಕಾಲ ಬಳಿಯ ಕಲ್ಲನ್ನೆತ್ತಿ ತೊಡೆಯ ಮೇಲಿಟ್ಟು ಅಪ್ಪಿಕೊಂಡರು.

ಮುಂದೆ ದೊಡ್ಡ ಸರ್ಕಲ್ಲು. ಫ್ಯಾಕ್ಟರಿಯ ರಸ್ತೆಗೆ ಅಡ್ಡಲಾಗಿ ಬಸ್ಸುಗಳು ಸಾಲುಗಟ್ಟಿ ಹೋಗುತ್ತಿದ್ದವು. ಪೊಲೀಸಿನವನು ಇವರ ಕಡೆಗೆ ಕೈ ತೋರಿಸಿದ. ನಿಲ್ಲುವಂತಿಲ್ಲ, ನುಗ್ಗುವಂತಿಲ್ಲ. ಆಯ್ತಪ್ಪ ಸ್ಟೇರಿಂಗ್ ತಿರುಗಿಸಿ ಸರ್ಕಲ್ಲಿಗೆ ಸುತ್ತು ಹಾಕತೊಡಗಿದ. ಮೊದಲ ಸುತ್ತಿಗೆ ಪೊಲೀಸಿನವನು ಸೀಟಿ ಊದಿದ. ಎರಡನೇ ಸುತ್ತಿಗೆ ಮೇಷ್ಟ್ರು ವಿಷಯ ತಿಳಿಸಲು ತಲೆ ಹೊರಗೆ ಹಾಕಿದರು. ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಸನ್ನೆಯಲ್ಲಾದರೂ ತಿಳಿಯಲಿ ಎಂದು ಕಲ್ಲನ್ನು ಎತ್ತಿ ತೋರಿಸಿದರು. ಪೊಲೀಸಿನವನು ಕಂಬದ ಹಿಂದೆ ಅಡಗಿದ. ಮೂರನೇ ಸುತ್ತಿಗೆ ಅವರ ಗಂಟಲು ಬಿಟ್ಟಿತು.

"ಬ್ರೇಕ್ ಇಲ್ಲಾ! ದಾರಿ ಬಿಡ್ರಪ್ಪೋ!"

ಪೊಲೀಸಿನವನು ಕಂಬದ ಹಿಂದಿನಿಂದ ಓಡಿಬಂದು ಎರಡೂ ಕೈ ಚಾಚಿ ನಾಲ್ಕು ದಿಕ್ಕಿನ ವಾಹನಗಳನ್ನೂ ತಡೆದು ನಿಂತ. ಮಂತ್ರಿಗಳ ಕಾರಿಗೂ ಸಿಗದ ಮರ್ಯಾದೆಯಲ್ಲಿ ಉಪ್ಪಿನ ಗಾಡಿ ಸರ್ಕಲ್ಲು ದಾಟಿತು.

ಫ್ಯಾಕ್ಟರಿಯ ಗೇಟಿನಿಂದ ಒಳಗೆ ಏರುದಾರಿ. ಅದರ ಕೊನೆಗೆ ಐಸಿನ ಮೇಲೆ ಹೊದಿಸಲು ತಂದ ಮರದ ಹೊಟ್ಟಿನ ದೊಡ್ಡ ಗುಡ್ಡೆ. ಏರಿನಲ್ಲಿ ಗಾಡಿಯ ಉಸಿರು ಕಟ್ಟಿತು. ಮೆಲ್ಲಗೆ, ಎಮ್ಮೆ ಕಲಗಚ್ಚಿನ ಬಾನಿಗೆ ಮೂತಿ ಹಾಕಿದಂತೆ, ಹೊಟ್ಟಿನೊಳಗೆ ಮೂತಿ ತೂರಿಸಿ ನಿಂತಿತು. ಅರವತ್ತೆಂಟು ವರ್ಷದ ಮೇಷ್ಟ್ರು ಚಿಗರೆಯ ಹಾಗೆ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟರು.

ಮ್ಯಾನೇಜರ್ರು ಗಡಿಯಾರ ನೋಡುತ್ತ ಹೊರಗೆ ಬಂದರು. "ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ! ದಾರೀಲಿ ಎಲ್ಲೂ ನಿಲ್ಲಿಸಲಿಲ್ವೇನ್ರೀ?"

"ನಿಮ್ಮಾಣೆಗೂ ಒಂದು ಕಡೇನೂ ನಿಲ್ಲಿಸಿಲ್ಲ ಸಾರ್."

"ಹೊಟ್ಟಿನೊಳಗೆ ಯಾಕೆ ನುಗ್ಗಿಸಿದ್ರಿ?"

"ಉತ್ಸಾಹ ಸಾರ್" ಎಂದರು ಮೇಷ್ಟ್ರು, ಮುಖದ ಬೆವರು ಒರೆಸಿಕೊಳ್ಳುತ್ತ.

"ಇಂಥ ಮನುಷ್ಯನೇ ನನಗೆ ಬೇಕಾಗಿದ್ದು. ವರ್ಷದ ಕೆಲಸ ನಿಮ್ಮದೇ. ಆದ್ರೆ ನೆನಪಿರಲಿ, ನಾಳೆಯಿಂದ ದಿನಾ ಹತ್ತರೊಳಗೆ. ಒಂದು ದಿನ ತಪ್ಪಿದ್ರೂ ಮಾತಿಲ್ಲ."

ಮೂಟೆ ಇಳಿಯುವವರೆಗೆ ಆಯ್ತಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಮನಸ್ಸು ಹಗುರಾಗಿತ್ತು. ಒಂಬತ್ತು ವರ್ಷದಲ್ಲಿ ಹೊತ್ತಿಗೆ ಮುಂಚೆ ಬಂದದ್ದು ಇದೇ ಮೊದಲು, ಅದೂ ಬ್ರೇಕಿಲ್ಲದ್ದರಿಂದ. ಅರ್ಧ ಲೋಟ ಮುಗಿಯುವಷ್ಟರಲ್ಲಿ ಅವನ ತಲೆಯಲ್ಲಿ ದೀಪ ಹತ್ತಿತು. ರಿಪೇರಿಯನ್ನೇನೋ ಮಾಡಿಸಲೇಬೇಕು, ಜೀವ ಇನ್ನೊಂದಿಲ್ಲ. ಆದರೆ ಮಾಡಿಸಿದ್ದು ಬೀದಿಗೆ ಯಾಕೆ ಗೊತ್ತಾಗಬೇಕು? ಬ್ರೇಕಿಲ್ಲದ ಗಾಡಿಗೆ ಯಾರೂ ಕೈ ಅಡ್ಡ ಹಾಕುವುದಿಲ್ಲ. ಯಾರಿಗೂ ಇಲ್ಲವೆನ್ನುವ ಕಷ್ಟವೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಮೇಷ್ಟ್ರೇ, ನೀವು ಬಸ್ಸಲ್ಲಿ ಹೋಗಿ. ಹೋದವರೇ ಬೀದೀಲಿ ಎಲ್ಲರಿಗೂ ಹೇಳಿಬಿಡಿ, ಆಯ್ತಪ್ಪನ ಗಾಡಿಗೆ ಬ್ರೇಕಿಲ್ಲ, ಪಾಪ, ಬೇಕು ಅಂತ ನಿಲ್ಲಿಸದೇ ಹೋಗಿದ್ದಲ್ಲ ಅಂತ."

"ಹೇಳ್ತೀನಿ, ಹೇಳ್ತೀನಿ. ಮನಸ್ಸಿಗೆ ನಾಟೋ ಹಾಗೆ ಹೇಳ್ತೀನಿ" ಎಂದರು ಮೇಷ್ಟ್ರು. ಅದನ್ನು ಅವರು ಮಾಡಿಯೂ ಮಾಡಿದರು.

ಬಾಮೈದನಿಗೆ ಫೋನ್ ಮಾಡಿದರೆ "ಗೊತ್ತಾಯ್ತು ಭಾವ" ಎಂದು ಮಧ್ಯಾಹ್ನದ ಹೊತ್ತಿಗೆ ಹೊಸ ಪೈಪುಗಳ ಸಮೇತ ಬಂದೇಬಿಟ್ಟ. ಅವನು ಎಳೆದು ತೆಗೆದ ಹಳೇ ಪೈಪು ಕೈಯಲ್ಲೇ ರಸ್ಕಿನಂತೆ ಪುಡಿಯಾಯಿತು. "ಇದು ಪೈಪಲ್ಲ ಭಾವ, ಜರಡಿ. ಹಳೇ ಗಾಡಿ ಇದು, ಒಂದು ಕಡೆ ಒಡೆದ್ರೆ ಆಯಿಲೆಲ್ಲ ಅಲ್ಲೇ ಸೋರಿ ನಾಲ್ಕು ಚಕ್ರಕ್ಕೂ ಬ್ರೇಕ್ ಇರಲ್ಲ. ನೀವು ಬದುಕಿದ್ದೇ ದೊಡ್ಡದು."

ಮೂರು ಗಂಟೆ ಕೆಲಸ ಹಿಡಿಯಿತು. ಹ್ಯಾಂಡ್ ಬ್ರೇಕೂ ಸರಿಯಾಯಿತು. ಆಯ್ತಪ್ಪ ಜೇಬಿಗೆ ಕೈ ಹಾಕಿದರೆ ಬಾಮೈದ ತಡೆದ. "ಅದೆಲ್ಲ ಆಗಲೇ ಬಂತು."

ಹೆಂಡತಿ ಕೊಟ್ಟಿರಬೇಕು ಎಂದುಕೊಂಡ ಆಯ್ತಪ್ಪ. "ನೋಡಪ್ಪ, ರಿಪೇರಿ ಆಗಿದ್ದು ಮಾತ್ರ ಬೀದೀಲಿ ಬಾಯಿ ಬಿಡಬೇಡ."

ಬಾಮೈದನಿಗೆ ಯಾಕೋ ಕೆಮ್ಮು ಬಂತು.

ಸಂಜೆ ಇಬ್ಬರೂ ಬೀದಿಗೆ ತಿರುಗಿದರು. ರಸ್ತೆಯ ನಟ್ಟನಡುವೆ ಟೈಲರಕ್ಕ ಎರಡೂ ಕೈ ಅಗಲಿಸಿ ನಿಂತಿದ್ದಳು. ಆಯ್ತಪ್ಪ ಹೊಸ ಉಪಾಯವನ್ನು ಪ್ರಯೋಗಿಸಿದ. "ಟೈಲರಕ್ಕಾ, ಪಕ್ಕಕ್ಕೆ! ಬ್ರೇಕಿಲ್ಲಾ!"

"ಬಾರೋ, ಬಾ!" ಎಂದಳೇ ಹೊರತು ಅವಳು ಕೂದಲೆಳೆಯಷ್ಟೂ ಕದಲಲಿಲ್ಲ.

ಹತ್ತು ಮಾರು. ಐದು ಮಾರು. ಎರಡು. ಆಯ್ತಪ್ಪ ಕಣ್ಣು ಮುಚ್ಚಿ ಬ್ರೇಕ್ ತುಳಿದ. ಗಾಡಿ ಅವಳ ಮೊಣಕಾಲಿಗೆ ಒಂದು ಗೇಣು ಮುಂಚೆ ಗಕ್ಕನೆ ನಿಂತಿತು.

"ನೋಡಿದ್ರಾ!" ಟೈಲರಕ್ಕ ಚಪ್ಪಾಳೆ ತಟ್ಟಿದಳು. "ಮುಂದಿನ ಎಡಗಡೆ ಚಕ್ರ ಎಲ್ಲಕ್ಕಿಂತ ಮೊದಲು ನಿಂತಿತು. ಅದು ನನ್ನ ಪೈಪು!"

"ಸುಮ್ನಿರಕ್ಕ, ಮೊದಲು ನಿಂತಿದ್ದು ಬಲಗಡೇದು. ಅದು ನಂದು" ಎಂದ ಬಡಗಿ, ಬಾಗಿಲಿನ ಹಿಂದಿನಿಂದ ಹೊರಬರುತ್ತ. ಇವನು ಮಾತ್ರ ಹೊಸ ಬ್ರೇಕನ್ನು ಪೂರ್ತಿ ನಂಬಿರಲಿಲ್ಲವೆಂದು ಕಾಣುತ್ತದೆ.

ಮೇಷ್ಟ್ರು ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. "ನಿನ್ನ ಕಷ್ಟ ಕೇಳಿ ಎಲ್ಲರ ಕರುಳೂ ಕಿವುಚಿ ಬಂತು ಕಣಯ್ಯ. ಒಂದು ಗಂಟೆ ಮಾತಾಡಿದೆ. ನಾಲ್ಕು ಚಕ್ರಕ್ಕೆ ನಾಲ್ಕು ಪೈಪು, ಒಬ್ಬೊಬ್ಬರು ಒಂದೊಂದು ಹಾಕಿಸಿಕೊಟ್ಟಿದ್ದೀವಿ. ಹಿಂದಿನ ಎಡಗಡೇದು ನಂದು."

ಟೈಲರಕ್ಕನ ಕಣ್ಣು ತುಂಬಿತ್ತು. "ಏನೂ ತಿಳೀದೆ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ ಕಣೋ. ನೀನು ಎಂದಾದರೂ ನಮಗೆ ನಿಲ್ಲಿಸದೇ ಹೋಗೋನಾ?"

ಆಯ್ತಪ್ಪ ಗಾಡಿಯಿಂದ ಕೆಳಗಿಳಿದ. ಇಂಥ ಜನರಿಂದ ತಪ್ಪಿಸಿಕೊಳ್ಳಲು ಹೊರಟಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ಅರ್ಧ ನಿಮಿಷ ಇತ್ತು.

"ಇನ್ನು ನಿಲ್ಲಿಸೋಕೆ ನಿನಗೇನೂ ತೊಂದರೆ ಇಲ್ಲ" ಎಂದಳು ಟೈಲರಕ್ಕ. "ನಾಳೆ ಬೆಳಿಗ್ಗೆ ಮೆಷಿನ್ ಹೊರಗಿಟ್ಟಿರ್ತೀನಿ."

"ನನ್ನ ಬಾಗಿಲು ಆಚೆ ಬಡಾವಣೆಗೆ" ಎಂದ ಬಡಗಿ.

"ನನಗೆ ಲೈಬ್ರರಿ. ವಾಪಸ್ ಕೊಡೋ ಪುಸ್ತಕ ಎರಡು ಮೂಟೆ ಇದೆ" ಎಂದರು ಮೇಷ್ಟ್ರು.

ಹತ್ತು ಗಂಟೆಯ ಗಡಿಯಾರವೊಂದು ಆಯ್ತಪ್ಪನ ತಲೆಯಲ್ಲಿ ಢಣಢಣ ಬಾರಿಸತೊಡಗಿತು. ಈ ಲೋಕದಲ್ಲಿ ತನ್ನನ್ನು ಕಾಪಾಡುವವಳು ಒಬ್ಬಳೇ. ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ದೀನನಾಗಿ ನೋಡಿದ. ಅವಳು ನಗುತ್ತ ಗಾಡಿಯ ಹತ್ತಿರ ಬಂದು ಹಿಂದಿನ ಬಲಗಡೆಯ ಚಕ್ರವನ್ನು ತಟ್ಟಿದಳು.

"ಇದು ನಂದು ರೀ. ನಾಳೆ ಹೋಗ್ತಾ ಅಮ್ಮನ ಮನೆ ಹತ್ರ ಒಂದೈದು ನಿಮಿಷ ನಿಲ್ಲಿಸಿ. ಹೊಲಿಸಿದ ಪರದೆ ಕೊಟ್ಟು ಬರಬೇಕು."

"ಯಾರಿಗೂ ನಿಲ್ಲಿಸಬೇಡಿ ಅಂತ ಬೆಳಿಗ್ಗೆ ನೀನೇ ಅಲ್ವೇನೇ ಹೇಳಿದ್ದು?"

"ಯಾರಿಗೂ ಅಂದೆ. ನನಗೆ ಅಂತ ಹೇಳಿದ್ನಾ?"

ಆಯ್ತಪ್ಪ ಬಾಮೈದನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ಅಲ್ಲಪ್ಪಾ, ದಿನಾ ಉಪ್ಪೇ ತಾನೇ ಹೇರೋದು... ಈ ಪೈಪು ಎಷ್ಟು ದಿನಕ್ಕೆ ತುಕ್ಕು ಹಿಡಿಯಬಹುದು?"

"ಆ ಭಯ ಬಿಟ್ಟುಬಿಡಿ ಭಾವ" ಎಂದ ಬಾಮೈದ, ಬೀದಿಗೆಲ್ಲ ಕೇಳಿಸುವಂತೆ. "ಎಲ್ಲರೂ ಸೇರಿ ಪ್ರೀತಿಯಿಂದ ಹಾಕಿಸಿದ್ದು ಅಂತ ತಾಮ್ರ ಬೆರೆಸಿದ್ದನ್ನೇ ಹಾಕಿದ್ದೀನಿ. ಸಮುದ್ರದಲ್ಲಿ ಮುಳುಗಿಸಿಟ್ರೂ ಇಪ್ಪತ್ತು ವರ್ಷ ತುಕ್ಕು ಹತ್ತಿರ ಸುಳಿಯಲ್ಲ. ನಾಳೆ ಎಷ್ಟು ಗಂಟೆಗೆ ಹೊರಡ್ತೀರಿ? ನನ್ನನ್ನೂ ಗ್ಯಾರೇಜ್ ಹತ್ರ ಇಳಿಸಿಬಿಡಿ."

ಎಲ್ಲರೂ ಆಯ್ತಪ್ಪನ ಬಾಯನ್ನೇ ನೋಡುತ್ತಿದ್ದರು. ಅವನು ಕಪ್ಪು ಕಲ್ಲನ್ನು ಎತ್ತಿ ಎದೆಗೊತ್ತಿಕೊಂಡು, ಒಮ್ಮೆ ಗಾಡಿಯನ್ನೂ ಒಮ್ಮೆ ಆಕಾಶವನ್ನೂ ನೋಡಿದ.

"ಆಯ್ತಪ್ಪಾ" ಎಂದ.