ಎಡಗಡೆ ಸಾಲಿನ ಇಂಗ್ಲಿಷ್

ಮಗುವಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದಿದ್ದು ನನ್ನ ಇಂಗ್ಲಿಷ್ ಒಂದೇ. ನಮ್ಮ ನೆಂಟರಲ್ಲಿ ಈ ಕಥೆ ಹೇಳುವವರೆಲ್ಲ "ಪಾಪ, ಎರಡನೇ ಕ್ಲಾಸು ಓದಿದ ಹೆಂಗಸು, ಭಾಷೆ ಬಾರದೆ ಏನೋ ಅಂದುಬಿಟ್ಟಳು" ಎಂದು ನನ್ನ ಪರವಾಗಿ ಮಾತಾಡುತ್ತಾರೆ. ನನಗೆ ಆ ಪಾಪ ಬೇಡ. ನಾನು ಆಡಿದ ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆಡಿದ್ದೆಲ್ಲ ಸುಳ್ಳಾಗಿತ್ತು, ಅಷ್ಟೇ. ಹದಿನೈದು ದಿನ ಒಂದೇ ಸಮನೆ, ದಿನಕ್ಕೆ ಮೂರರಂತೆ, ಶುದ್ಧವಾದ ಇಂಗ್ಲಿಷಿನಲ್ಲಿ ಸುಳ್ಳು ಹೇಳಿದವಳು ನಮ್ಮೂರು ಕಾಮಸಮುದ್ರದ ಕಡೆ ನನ್ನ ಬಿಟ್ಟರೆ ಇನ್ನೊಬ್ಬಳು ಇರಲಾರಳು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ಕೆಜಿಎಫ್‌ನ ದೊರೆಗಳು ಒಬ್ಬೊಬ್ಬರೇ ಹಡಗು ಹತ್ತುತ್ತಿದ್ದರು, ಕೆಲವರು ಇನ್ನೂ ಉಳಿದಿದ್ದರು. ನಮ್ಮ ಮನೆಯವರು ಮೈಸೂರು ಮೈನ್ಸ್‌ನಲ್ಲಿ ಗಣಿಯೊಳಗೆ ಇಳಿಯುವ ಕೆಲಸದಲ್ಲಿದ್ದರು. ಕೂಲಿ ಲೈನಿನಲ್ಲಿ ನಮಗೊಂದು ಕೋಣೆ. ಅದರಲ್ಲಿ ನಾನು, ಅವರು, ನಮ್ಮತ್ತೆ. ಬಾಗಿಲಾಚೆ ಐವತ್ತು ಮನೆಗೆ ಒಂದು ಕೊಳಾಯಿ. ನನಗೆ ಒಬ್ಬ ಇಂಜಿನಿಯರ್ ದೊರೆಯ ಬಂಗಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಎಂಟು ತಿಂಗಳ ಗಂಡು ಕೂಸನ್ನು ನೋಡಿಕೊಳ್ಳುವುದು. ಕೂಸಿನ ಮೇಲೆ ನನಗೇನೂ ಮೊದಲ ದಿನವೇ ಪ್ರೀತಿ ಉಕ್ಕಲಿಲ್ಲ. ಬಿಳಿಯ ಮೂಲಂಗಿಯ ಹಾಗಿತ್ತು. ನನ್ನ ಪ್ರೀತಿ ಉಕ್ಕಿದ್ದು ಅಲ್ಲಿನ ಕೊಳಾಯಿಯ ಮೇಲೆ. ಮನೆಯೊಳಗೇ ಕೊಳಾಯಿ, ತಿರುಗಿಸಿದರೆ ನೀರು, ಬಿಂದಿಗೆ ಇಟ್ಟುಕೊಂಡು ಯಾರೂ ಹಿಂದೆ ನಿಂತು ಬೈಯುವುದಿಲ್ಲ. ಆ ಕೊಳಾಯಿಗಾಗಿ ನಾನು ಇಂಗ್ಲಿಷೇನು, ಚೀನೀ ಭಾಷೆಯನ್ನೂ ಕಲಿಯುತ್ತಿದ್ದೆ.

ಕಲಿಯಲೇಬೇಕಾಯಿತು. ಬಂಗಲೆಯ ದೊರೆಸಾನಿಗೆ ಆರೋಗ್ಯವೆಂದರೆ ನಮ್ಮಲ್ಲಿ ಕೆಲವರಿಗೆ ಮಡಿ ಇದ್ದ ಹಾಗೆ. ಬೆಳಗ್ಗೆ ಎದ್ದು ಕಿಟಕಿ ತೆಗೆದು ಇಪ್ಪತ್ತು ಸಲ ಉಸಿರು ಎಳೆದು ಬಿಡುತ್ತಿದ್ದಳು. ಆಮೇಲೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಎದ್ದು ಕೈ ಚಾಚುವುದು. ಅದಕ್ಕೆ ಎಕ್ಸರ್‌ಸೈಜ್ ಎಂದು ಹೆಸರು. ನನಗೂ ಮಾಡು ಎಂದಳು. ಆ ದಿನ ನಾನು ನಸುಕಿನಲ್ಲಿ ಎಂಟು ಬಿಂದಿಗೆ ನೀರು ಹೊತ್ತು, ಮುದ್ದೆ ಕೂಡಿಸಿ, ಎರಡು ಮೈಲಿ ನಡೆದು ಬಂದಿದ್ದೆ. ಬಗ್ಗಿದವಳಿಗೆ ಮೇಲೇಳಲು ಮನಸ್ಸು ಬರಲಿಲ್ಲ. ನೆಲ ತಣ್ಣಗಿತ್ತು, ಅಲ್ಲೇ ಕೂತೆ. ತರಕಾರಿಯನ್ನು ಉಪ್ಪು ಖಾರವಿಲ್ಲದೆ ಬೇಯಿಸಿ ತಿನ್ನುವುದಕ್ಕೆ ಡಯಟ್ ಎಂದು ಹೆಸರು. ನಮ್ಮಲ್ಲಿ ಅದನ್ನು ಬಾಣಂತಿಗೂ ಕೊಡುವುದಿಲ್ಲ.

ಈ ದೊರೆಸಾನಿ ಒಂದು ನೋಟುಪುಸ್ತಕ ಇಟ್ಟಿದ್ದಳು. ಕೂಸಿನ ಹಾಲು, ನಿದ್ದೆ, ಹೊಟ್ಟೆ, ತೂಕ, ಗಾಳಿಗೆ ಕರೆದೊಯ್ದದ್ದು, ಎಲ್ಲ ಅದರಲ್ಲಿ ಬರೆಯಬೇಕು. ನಾನು ಬೆಳಗ್ಗೆ ಆರಕ್ಕೆ ಹೋಗಿ ಕೂಸನ್ನು ಎತ್ತಿಕೊಂಡರೆ ಆಕೆ ಒಂಬತ್ತು ಗಂಟೆಗೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುವಳು. ನಡುವೆ ತಮಿಳು ಬೆರೆಸಿ ಮಾತಾಡುವ ಅಡುಗೆಯ ಅಂತೋಣಿಯಣ್ಣ ಬಂದು ಭಾಷಾಂತರ ಮಾಡಬೇಕು, ಅಷ್ಟರಲ್ಲಿ ಒಲೆಯ ಮೇಲೆ ಏನಾದರೂ ಸೀಯಬೇಕು. ಮೂರನೇ ಸಲ ಸೀದ ದಿನ ಆಕೆ ತೀರ್ಮಾನ ಹೇಳಿದಳು. ಒಂದು ತಿಂಗಳಲ್ಲಿ ನಾನೇ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಬಂಗಾರಪೇಟೆಯಿಂದ ಇಂಗ್ಲಿಷ್ ಬಲ್ಲ ಆಯಾ ಬರುತ್ತಾಳೆ. ಹಾಗೆಂದು ಸುಮ್ಮನೆ ಕೂರಲಿಲ್ಲ, ತಾನೇ ಒಂದು ಹಾಳೆಯಲ್ಲಿ ವಾಕ್ಯಗಳನ್ನು ಬರೆದುಕೊಟ್ಟಳು. ಬಲಗಡೆ ಮಗು ಚೆನ್ನಾಗಿದ್ದರೆ ಹೇಳುವ ಮಾತು, ಎಡಗಡೆ ಚೆನ್ನಾಗಿಲ್ಲದಿದ್ದರೆ ಹೇಳುವ ಮಾತು. ಅಂತೋಣಿಯಣ್ಣ ಓದಿ ಹೇಳಿದ, ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಬೇಬಿ ಈಸ್ ವೆಲ್, ಬೇಬಿ ಈಸ್ ನಾಟ್ ವೆಲ್. ಬೇಬಿ ಹ್ಯಾಸ್ ಎ ಗುಡ್ ಅಪಿಟೈಟ್, ಬೇಬಿ ಹ್ಯಾಸ್ ನೋ ಅಪಿಟೈಟ್. ಬೇಬಿ ಈಸ್ ಗೇನಿಂಗ್ ವೆಯ್ಟ್, ಬೇಬಿ ಈಸ್ ಲೂಸಿಂಗ್ ವೆಯ್ಟ್.

ಅಂತೋಣಿಯಣ್ಣ ಬೀನ್ಸ್ ಸೋಸುತ್ತಾ ಪಾಠ ಮಾಡುತ್ತಿದ್ದ. ತಪ್ಪಿದರೆ ಬೀನ್ಸಿನಿಂದಲೇ ನನ್ನ ಕೈಗೆ ಒಂದು ಏಟು. "ಅಯ್ಯೋ ತಂಗಚ್ಚಿ, ಇವತ್ತು ಮಲಗಿದ್ರೆ ಸ್ಲೀಪ್, ನೇತ್ತು, ನಿನ್ನೆ ಮಲಗಿದ್ರೆ ಸ್ಲೆಪ್ಟ್. ಎಷ್ಟು ದಪಾ ಹೇಳೋದು?" ಎನ್ನುವನು. "ಮಲ್ಗಿದ್ರೆ ಮಲ್ಗಿದ್ದೇ ಅಣ್ಣಾ, ಅದಕ್ಕೆ ತಾರೀಕು ಯಾಕೆ?" ಎಂದು ನಾನು. ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಅಪಿಟೈಟ್, ಅಪಿಟೈಟ್ ಎಂದು ಗೊಣಗುತ್ತಿದ್ದರೆ ನಮ್ಮ ಮನೆಯವರು "ಏನ್ಲೇ ಅದು, ಯಾವ್ದೋ ಕಾಯಿಲೆ ಎಸ್ರಾ?" ಎಂದು ಕೇಳಿದರು. ಹಸಿವು ಎಂದೆ. "ಅಷ್ಟಕ್ಕೆ ಇಷ್ಟುದ್ದ ಎಸ್ರಾ? ನಮಗಾದ್ರೆ ಅಸಿವು ಅಂದ್ರೆ ಸಾಕು, ತಟ್ಟೆ ಬತ್ತದೆ" ಎಂದು ತಟ್ಟೆಯನ್ನು ಎಳೆದುಕೊಂಡರು. ಇಪ್ಪತ್ತೇ ದಿನಕ್ಕೆ ಎರಡು ಸಾಲೂ ನನ್ನ ಬಾಯಲ್ಲಿ ಉರುಳಿದವು.

ಪರೀಕ್ಷೆಯ ದಿನ ಬಂತು. ಅಂದು ಕೂಸು ಬಾಟಲಿಯ ತಳ ನೆಕ್ಕುವ ಹಾಗೆ ಹಾಲು ಕುಡಿದು, ಬಿಸಿಲಲ್ಲಿ ಕಾಲು ಝಾಡಿಸಿ ನಗುತ್ತಿತ್ತು. ದೊರೆಸಾನಿ ಪುಸ್ತಕ ತೆರೆದು, ಬೇಬಿ ಹೇಗಿದ್ದಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೇಬಿ ಈಸ್ ವೆಲ್ ಎನ್ನಬೇಕು. ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ನೀವೇ ಹೇಳಿ, ಎಳೆ ಕೂಸಿನ ತಲೆಯ ಮೇಲೇ ನಿಂತು, ಚೆನ್ನಾಗಿದೆ, ಗುಂಡುಗುಂಡಾಗಿದೆ, ಹೊಟ್ಟೆ ತುಂಬ ಕುಡಿಯುತ್ತದೆ ಎಂದು ಬಾಯಿಬಿಟ್ಟು ಹೇಳುವವಳು ಆಯಾನೋ ಮಾರಿಯೋ? ದೃಷ್ಟಿ ತಾಗುವುದಕ್ಕೆ ಇನ್ನೇನು ಬೇಕು? ಅದರಲ್ಲೂ ನಮ್ಮ ಲೈನಿನಲ್ಲಿ ಈ ವಿಷಯದಲ್ಲಿ ಬಲು ಬಿಗಿ. ಗಂಡಂದಿರು ಸಾವಿರಾರು ಅಡಿ ಕೆಳಗೆ ಇಳಿದಿರುವಾಗ ಯಾವ ಹೆಂಗಸೂ "ನಮ್ಮೋರು ಚೆನ್ನಾಗವ್ರೆ" ಎಂದು ಬಾಯಿತಪ್ಪಿಯೂ ಹೇಳುತ್ತಿರಲಿಲ್ಲ. ಕೇಳಿದರೆ "ಏನೋ ಅವ್ರೆ ಕಣಮ್ಮ, ಸೊಂಟನೋವು, ಊಟ ಸೇರಲ್ಲ" ಎನ್ನುವುದು ಮರ್ಯಾದೆ. ಕೇಳಿದವಳೂ "ಅಯ್ಯೋ ಔದಾ" ಎಂದು ಲೊಚಗುಟ್ಟಿ, ಸರಿ, ಇವಳ ಗಂಡ ಕಲ್ಲುಗುಂಡಿನ ಹಾಗಿದ್ದಾನೆ ಎಂದು ತಿಳಿದುಕೊಂಡು ಹೋಗುವಳು. ನಾನು ಎಡಗಡೆ ಸಾಲು ಹಿಡಿದೆ. ಬೇಬಿ ಈಸ್ ನಾಟ್ ವೆಲ್, ಮೇಡಮ್. ಬೇಬಿ ಹ್ಯಾಸ್ ನೋ ಅಪಿಟೈಟ್. ಬೇಬಿ ಈಸ್ ಲೂಸಿಂಗ್ ವೆಯ್ಟ್. ಗಂಟಲಿನಲ್ಲಿ ಒಂದು ಕಡೆಯೂ ಸಿಕ್ಕಿಕೊಳ್ಳಲಿಲ್ಲ. ದೊರೆಸಾನಿಯ ಮುಖ ಗಂಭೀರವಾಯಿತು. ಪರವಾಗಿಲ್ಲ, ಇವಳಿಗೂ ತಾಯಿಯ ಮರ್ಯಾದೆ ಗೊತ್ತು ಎಂದುಕೊಂಡು ನಾನು ಕೊಳಾಯಿಯ ಕಡೆ ನಡೆದೆ.

ಮುಂದಿನ ದಿನಗಳಲ್ಲಿ ಆಕೆ ಹಾಲು ಬದಲಾಯಿಸಿದಳು. ಕಿಟಕಿ ತೆರೆಸಿದಳು, ಮುಚ್ಚಿಸಿದಳು. ಕಿತ್ತಳೆಹಣ್ಣಿನ ರಸ, ಮೀನೆಣ್ಣೆ, ಮಧ್ಯಾಹ್ನದ ಗಾಳಿ. ಕೂಸು ಕೊಟ್ಟಿದ್ದನ್ನೆಲ್ಲ ನುಂಗಿತು, ದಿನಕ್ಕೊಂದು ಮಡಿಕೆಯಂತೆ ತೊಡೆಯಲ್ಲಿ ಮಾಂಸ ಬಂತು. ನಾನು ಮಾತ್ರ ದಿನವೂ ಒಂಬತ್ತಕ್ಕೆ ನಿಂತು ಅದನ್ನು ಬಡಕಲು ಮಾಡುತ್ತಿದ್ದೆ. ಕೆನ್ನೆ ಉಬ್ಬಿದ್ದನ್ನು ಕಣ್ಣಾರೆ ಕಂಡ ತಾಯಿ ಅದನ್ನು ಊತವೆಂದು ಬರೆದುಕೊಂಡಳಂತೆ. ಬರೆದಿದ್ದನ್ನು ನಂಬುವವರ ಪಾಡು ಇದು. ಕಣ್ಣಿದ್ದೂ ಪುಸ್ತಕವನ್ನೇ ನೋಡುತ್ತಾರೆ.

ಹದಿನಾರನೆಯ ದಿನ ಹೋದಾಗ ವರಾಂಡದಲ್ಲಿ ಟ್ರಂಕುಗಳು ಬಾಯಿ ತೆರೆದುಕೊಂಡು ಬಿಸಿಲಿಗೆ ಕೂತಿದ್ದವು. ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರೆ ಅಂತೋಣಿಯಣ್ಣನ ಮುಖ ಬೆಂದ ಆಲೂಗಡ್ಡೆಯಾಗಿತ್ತು. "ಮುಗೀತು ತಂಗಚ್ಚಿ. ದೊರೆಸಾನಿ ಅಮ್ಮ ಕೊಳಂದೆ ಮಗೂನ ಎತ್ಕೊಂಡು ಇಂಗ್ಲೆಂಡ್ ಸೀಮೆಗೆ ಹೊರಟ್ರು. ಬಂಗಲೆ ಪೂಟ್ಟು, ಬೀಗ. ನಿನಗೂ ಕೆಲಸ ಇಲ್ಲ, ನನಗೂ ಇಲ್ಲ."

"ಯಾಕಣ್ಣಾ, ಏನಾಯ್ತು?"

"ಏನಾಯ್ತಾ? ಮಗು ಇಲ್ಲಿ ಪೊಳೈಕಾದು, ಬದುಕಲ್ಲ ಅಂತ ಅಳ್ತಾ ಅವ್ರೆ."

"ಯಾವ ಮಗು?" ಎಂದೆ ನಾನು. ಆಗ ನನ್ನ ಕಂಕುಳಲ್ಲಿದ್ದ ಮಗು ನನ್ನ ಮೂಗುಬೊಟ್ಟು ಕೀಳುವ ಪ್ರಯತ್ನದಲ್ಲಿತ್ತು.

ಹಡಗು ಹತ್ತುವ ಮೊದಲು ಕೂಸನ್ನೊಮ್ಮೆ ನೋಡಲು ಡಾಕ್ಟರು ತಕ್ಕಡಿ ಸಮೇತ ಬಂದರು. ತಕ್ಕಡಿಯಲ್ಲಿ ಮಲಗಿಸಿದರು, ತೂಗಿದರು, ತಕ್ಕಡಿ ಸರಿಯಿದೆಯೋ ಎಂದು ನೋಡಿ ಇನ್ನೊಮ್ಮೆ ತೂಗಿದರು. ಇಷ್ಟು ತೂಕದ ಕೂಸನ್ನು ತಾವು ಈ ವರ್ಷ ಕಂಡಿಲ್ಲ, ಇದಕ್ಕೆ ಹಾಲು ಸ್ವಲ್ಪ ಕಡಿಮೆ ಮಾಡಿ ಎಂದು ಹೇಳಿ ಹೊರಟುಹೋದರು. ದೊರೆಸಾನಿ ಪುಸ್ತಕ ಕೈಯಲ್ಲಿ ಹಿಡಿದು ನನ್ನನ್ನೂ ಅಂತೋಣಿಯಣ್ಣನನ್ನೂ ಕರೆದಳು. ಹದಿನೈದು ದಿನದ್ದನ್ನೂ ಓದಿದಳು. ಕೇಳುತ್ತಿದ್ದರೆ ನನಗೇ ಕೂಸಿನ ಮೇಲೆ ಕನಿಕರ ಬಂತು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದಳು.

"ಸುಳ್ಳಲ್ಲ ಅಂತ ಏಳಣ್ಣಾ" ಎಂದೆ. "ಕಾಪಾಡ್ದೆ ಅಂತ ಏಳು. ನಮ್ ಲೈನಿಗೆ ಬಂದು ಯಾವ ಎಂಗಸನ್ನಾದ್ರೂ ಕೇಳ್ನೋಡ್ಲಿ, ಗಂಡ ಚೆನ್ನಾಗವ್ನೆ ಅಂತ ಒಬ್ಬಳು ಅಂದ್ರೆ ಈ ಕಿವಿ ಕುಯ್ಕೊಡ್ತೀನಿ. ಕೆಳಗೆ ಬಂಡೆ ಸಿಡ್ದು ನೆಲ ನಡುಗ್ದಾಗ ಈಯಮ್ಮನೂ ಬಾಗಿಲ್ಗೆ ಬಂದು ನಿಂತ್ಕೊಂತಾರಲ್ಲ, ಅವರ್ಗೆ ಗೊತ್ತಾಯ್ತದೆ."

ಅಂತೋಣಿಯಣ್ಣ ಏನು ಹೇಳಿದನೋ, ಎಷ್ಟು ಹೇಳಿದನೋ. ದೊರೆಸಾನಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಆಕೆಯ ಗಂಡನೂ ದಿನಾ ಕೆಳಗೆ ಇಳಿಯುವವನೇ. ಆಮೇಲೆ ಇದೆಲ್ಲ ಮೂಢನಂಬಿಕೆ ಎಂದಳು. ತನ್ನ ಗಂಡ ಆರು ವರ್ಷದಿಂದ ಗಣಿಗೆ ಇಳಿಯುತ್ತಿದ್ದಾನೆ, ಒಂದು ಗೀರೂ ಬಿದ್ದಿಲ್ಲ, ತಾನು ಅದನ್ನು ಧಾರಾಳವಾಗಿ ಹೇಳುತ್ತೇನೆ ಎಂದಳು. ಹಾಗೆನ್ನುತ್ತಲೇ ಕೈ ಚಾಚಿ ಮೇಜಿನ ಕಾಲನ್ನು ಎರಡು ಸಲ ಬೆರಳಿನಿಂದ ಕುಟ್ಟಿದಳು.

"ಅದೇನಣ್ಣಾ ಅದು?" ಎಂದೆ.

"ಅದಾ... ಅದು ಅವರ ಪದ್ಧತಿ. ಒಳ್ಳೇದು ಹೇಳಿದ್ರೆ ಮರ ಮುಟ್ಟಬೇಕು."

"ಮುಟ್ಟದಿದ್ರೆ?"

ಅಂತೋಣಿಯಣ್ಣ ತಲೆ ಕೆರೆದುಕೊಂಡ. "ಒಳ್ಳೇದು ಹೋಗ್ಬಿಡುತ್ತೆ."

ನಾನು ಮೇಜಿನ ಕಾಲನ್ನು ನೋಡಿದೆ. ದೊರೆಸಾನಿ ತನ್ನ ಬೆರಳನ್ನು ನೋಡಿಕೊಂಡಳು. ಇಪ್ಪತ್ತು ಸಲ ಉಸಿರು, ಬೇಯಿಸಿದ ತರಕಾರಿ, ಮೀನೆಣ್ಣೆ, ನೋಟುಪುಸ್ತಕ, ಎಲ್ಲವೂ ಆ ಮೇಜಿನ ಕಾಲಿನ ಮೇಲೇ ನಿಂತಿದ್ದವು ನೋಡಿ! ಮೊದಲು ನಕ್ಕವಳು ಆಕೆಯೇ. ಟ್ರಂಕುಗಳು ಅಟ್ಟ ಸೇರಿದವು. ನನ್ನ ಕೆಲಸ ಉಳಿಯಿತು, ಆದರೆ ಒಂದು ಕರಾರಿನ ಮೇಲೆ. ನಾಳೆಯಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇನ್ನೊಂದು ಸುಳ್ಳು ಬಂದರೆ ಬಂಗಾರಪೇಟೆಯ ಆಯಾ ಮರುದಿನವೇ ರೈಲಿಳಿಯುತ್ತಾಳೆ.

ಸಂಜೆ ನಮ್ಮತ್ತೆಯ ಮುಂದೆ ಕಷ್ಟ ತೋಡಿಕೊಂಡೆ. ಒಂದು ಕಡೆ ಕೊಳಾಯಿ, ಇನ್ನೊಂದು ಕಡೆ ಕೂಸು. ಅಷ್ಟರಲ್ಲಿ ಆ ಮೂಲಂಗಿಯ ಮೇಲೂ ಒಂದಿಷ್ಟು ಮನಸ್ಸು ಹೋಗಿತ್ತು, ಇಲ್ಲವೆಂದರೆ ಅದೂ ಎಡಗಡೆ ಸಾಲಿನ ಮಾತಾದೀತು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. "ಇಂಗ್ಲೀಷಲ್ಲಿ ತಾನೇ ಅನ್ಬೇಕು? ಅಂದ್ಬುಡು ಓಗೇ. ನಮ್ ದೃಷ್ಟಿಗೆ ಇಂಗ್ಲೀಷ್ ಎಲ್ಲಿ ಬತ್ತದೆ?" ಎಂದರು. ನನಗೆ ಪೂರ್ತಿ ಧೈರ್ಯ ಬರಲಿಲ್ಲ. ನಮ್ಮೂರ ದೃಷ್ಟಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ. ಮೂರು ಕಲಿತವರಿಗೆ ನಾಲ್ಕನೆಯದು ಕಷ್ಟವೇ?

ಮರುದಿನ ಬೆಳಗ್ಗೆ ಬಂಗಲೆಗೆ ಹೋದವಳೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಕಾಡಿಗೆಯಿಂದ ಕೂಸಿನ ಅಂಗಾಲಿಗೆ ದಪ್ಪನೆಯ ಬೊಟ್ಟಿಟ್ಟು, ಮೇಲೆ ಕಾಲುಚೀಲ ಹಾಕಿದೆ. ಒಂಬತ್ತಕ್ಕೆ ಬಾಗಿಲ ಮರದ ಚೌಕಟ್ಟನ್ನು ಭದ್ರವಾಗಿ ಹಿಡಿದು ನಿಂತು ಬಲಗಡೆ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಬೇಬಿ ಈಸ್ ವೆಲ್, ಮೇಡಮ್. ಬೇಬಿ ಹ್ಯಾಸ್ ಎ ಗುಡ್ ಅಪಿಟೈಟ್. ಬೇಬಿ ಈಸ್ ಗೇನಿಂಗ್ ವೆಯ್ಟ್. ದೊರೆಸಾನಿಯ ಎಡಗೈ ಮೇಜಿನ ಕೆಳಗೆ ಹೋಗಿದ್ದನ್ನು ನಾನು ನೋಡಿದೆ, ನೋಡದವಳಂತೆ ಇದ್ದೆ. ಆಕೆ ಎಲ್ಲ ಬರೆದುಕೊಂಡು, ಪುಸ್ತಕ ಮುಚ್ಚಿ, ಮೊದಲ ಬಾರಿಗೆ ಇನ್ನೊಂದು ಪ್ರಶ್ನೆ ಕೇಳಿದಳು. ಮತ್ತೆ ನೀನು ಹೇಗಿದ್ದೀಯ, ಆಯಾ?

ಅದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಆ ಬೆಳಗ್ಗೆ ನಾನು ಎರಡು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದು, ದಾರಿ ನಡೆದದ್ದಕ್ಕೆ ಮತ್ತೆ ಹಸಿವಾಗಿ ಅಂತೋಣಿಯಣ್ಣನ ಹತ್ತಿರ ನಾಲ್ಕು ತುಂಡು ಬ್ರೆಡ್ಡು ಇಸಿದುಕೊಂಡು ತಿಂದಿದ್ದೆ. ಚೌಕಟ್ಟಿನಿಂದ ಕೈ ತೆಗೆದೆ. "ಐ ಹ್ಯಾವ್ ನೋ ಅಪಿಟೈಟ್, ಮೇಡಮ್" ಎಂದೆ. ಯಾರೂ ಬರೆದುಕೊಡದೆ, ನಾನೇ ಸ್ವಂತವಾಗಿ ಕಟ್ಟಿದ ಮೊದಲನೆಯ ಇಂಗ್ಲಿಷ್ ವಾಕ್ಯ ಅದು. ಒಂದಕ್ಷರ ತಪ್ಪಿರಲಿಲ್ಲ.