ಟ್ರಂಕಿನ ಅಂಗಡಿ ಲೈಟಿನ ಕಾರ್ಖಾನೆಯಾದದ್ದು

ಶಿಗ್ಗಾಂವಿಯ ಲೈಟ್ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವ ನಾನು. ನಮ್ಮಲ್ಲಿ ಹೊಸ ಮಾದರಿಯ ಲೈಟು ಬಂದಾಗಲೆಲ್ಲ, ಅದರ ಬೆನ್ನಿಗೇ ನಗುವಂಥದ್ದೂ ಒಂದು ಬಂದೇ ಬರುತ್ತದೆ.

ಗಿಳಿಯ ಪಟ್ಟಿ

ನಮ್ಮ ಮಾಲಕರು ಮೊದಲು ತಗಡಿನ ಟ್ರಂಕು ಮಾಡುತ್ತಿದ್ದರು. ಟ್ರಂಕು ಕೊಳ್ಳುವವರು ಕಡಿಮೆಯಾದಾಗ ಅದೇ ತಗಡಿನಲ್ಲಿ ಟ್ಯೂಬ್‌ಲೈಟು ಕೂರಿಸುವ ಪಟ್ಟಿ ಮಾಡತೊಡಗಿದರು. ಮೊದಲ ಆರ್ಡರು ಸವಣೂರಿನ ಒಂದು ಖಾನಾವಳಿಯದು. ಬಣ್ಣ ಹಚ್ಚುವ ಚಾಚಾ ಟ್ರಂಕಿನ ರೂಢಿಯಂತೆ ಪ್ರತಿ ಪಟ್ಟಿಯ ಮೇಲೂ ಗುಲಾಬಿ, ಎರಡು ಗಿಳಿ ಬರೆದುಬಿಟ್ಟಿದ್ದರು. ಖಾನಾವಳಿ ನಡೆಸುವ ಅಕ್ಕ ಬಿಚ್ಚಿ ನೋಡಿ, "ಲೈಟ್ ಕೇಳಿದ್ರ ಮದುಮಗಳ ಟ್ರಂಕ್ ಕಳಿಸೀರಲ್ರಿ?" ಎಂದರು. ಮಾಲಕರು ನಾಚಿ ವಾಪಸ್ ಕೇಳಿದರೆ ಅಕ್ಕ ಕೊಡಲಿಲ್ಲ.

"ಇರ್ಲಿ ಬಿಡ್ರಿ. ಉಣ್ಣೋರು ಮ್ಯಾಲ ಗಿಳಿ ನೋಡ್ಕೋತ ಕುಂತ್ರ, ಪಲ್ಯಾದಾಗ ಉಪ್ಪು ಕಡಿಮಿ ಆಗಿದ್ದು ತಿಳಿಯಂಗಿಲ್ಲ."

ಮೈಯಾಗಿನ ಕರೆಂಟು

ಕರೆಂಟ್ ಹೋದರೂ ಉರಿಯುವ ಬಲ್ಬು ತೋರಿಸಲು ಹಾನಗಲ್ ಸಂತೆಗೆ ಹೋಗಿದ್ದೆ. ಒಳಗೆ ಬ್ಯಾಟರಿ ಇರುವುದರಿಂದ ತಳಕ್ಕೆ ಬೆರಳು ತಾಗಿದರೆ ಅದು ಕೈಯಲ್ಲೇ ಹತ್ತುತ್ತದೆ. ಅಜ್ಜರೊಬ್ಬರ ಕೈಗೆ ಕೊಟ್ಟೆ, ಹತ್ತಿತು. ಅವರು ಹೆಂಡತಿಯ ಕಡೆ ತಿರುಗಿ, "ನೋಡು, ಮೈಯಾಗ ಇನ್ನೂ ಎಷ್ಟು ಕರೆಂಟ್ ಐತಿ" ಎಂದರು.

ಅಜ್ಜಿ ಬಲ್ಬು ಇಸಿದುಕೊಂಡು ನನಗೇ ಮರಳಿ ಕೊಟ್ಟರು. "ಹಂಗಾರ ನಾಳಿಂದ ಗಿರಣಿಗೆ ಜ್ವಾಳದ ಚೀಲಾ ನೀವ ಹೊರ್ರಿ."

ಚಪ್ಪಾಳೆ

ಹೋದ ವರ್ಷ ಹೊಸ ಶೆಡ್ಡಿನ ಉದ್ಘಾಟನೆಗೆ ಹಿರೇಕೆರೂರಿನಿಂದ ಮಾಲಕರಿಗೆ ಶಾಲೆಯಲ್ಲಿ ಕಲಿಸಿದ ಮಾಸ್ತರರನ್ನು ಕರೆಸಿದ್ದೆವು. ಕಿಟಕಿಯಿಲ್ಲದ ಶೆಡ್ಡು. ಒಳಗೆ ನಮ್ಮದೇ ಸೆನ್ಸರ್ ಲೈಟು: ಕೆಳಗೆ ಕೂತ ಜನ ಅಲುಗಾಡಿದರೆ ಹತ್ತುತ್ತದೆ, ಸುಮ್ಮನಾದರೆ ಆರುತ್ತದೆ. ಮಾಸ್ತರರು ಕಾಗದದ ದಪ್ಪ ಕಟ್ಟು ಹಿಡಿದು ಭಾಷಣ ಓದತೊಡಗಿದರು. ಜನ ತೂಕಡಿಸಿದರು, ಲೈಟು ಆರಿತು. ಹತ್ತಲಿ ಎಂದು ನಾವೆಲ್ಲ ಕೈ ಎತ್ತಿ ಚಪ್ಪಾಳೆ ತಟ್ಟಿದೆವು. ಮಾಸ್ತರರು ಖುಷಿಯಾಗಿ, "ನಿಮಗ ಇಷ್ಟು ಸೇರಿದ್ರ ಇನ್ನೊಮ್ಮೆ ಓದತೇನಿ" ಎಂದು ಅದೇ ಪುಟ ಮತ್ತೆ ಓದಿದರು.

ಹೀಗೆ ಮೂರು ಸಲ ಆಯಿತು. ಹಿಂದುಗಡೆ ಅನ್ನ ತಣ್ಣಗಾಗುತ್ತಿತ್ತು. ಗುರುಗಳಿಗೆ ಸಾಕೆನ್ನುವ ಧೈರ್ಯ ಮಾಲಕರಿಗಿಲ್ಲ. ನನ್ನ ಕಿವಿಯಲ್ಲಿ, "ಈ ಸಲ ಲೈಟ್ ಆರಿದ್ರ ಯಾರೂ ಅಲಗಾಡಬ್ಯಾಡ್ರಿ ಅಂತ ಹೇಳು. ಕತ್ತಲದಾಗ ಹೆಂಗ ಓದ್ತಾರ ನೋಡೂಣು" ಎಂದರು. ಮಾತು ಬಾಯಿಂದ ಬಾಯಿಗೆ ಹೋಯಿತು. ಲೈಟು ಆರಿತು. ಎಲ್ಲರೂ ಕಲ್ಲಿನಂತೆ ಕೂತೆವು. ಕತ್ತಲಲ್ಲಿ ಕಾಗದ ಮಡಿಚುವ ಸಪ್ಪಳ ಕೇಳಿ ಮಾಲಕರು ಉಸಿರು ಬಿಟ್ಟರು.

ಆಗ ಮಾಸ್ತರರ ದನಿ ಬಂತು: "ಯಾರೂ ಏಳಬ್ಯಾಡ್ರಿ. ಮುಂದಿಂದು ನನಗ ಬಾಯಿಪಾಠ ಐತಿ."